ಪ್ರಾರ್ಥನೆಯ ಆಳಕ್ಕೆ ಇಳಿಯುವುದು ಹೇಗೆ: ಹಂತಹಂತವಾಗಿ ಒಂದು ಮಾರ್ಗದರ್ಶಿ

ನನ್ನ ಪ್ರಾರ್ಥನೆಯನ್ನು ನಾನೇ ಕಿವಿಗೊಟ್ಟು ಕೇಳಿದ್ದು ಕ್ರಿಸ್ತನ ನಂಬಿಕೆಗೆ ಬಂದು ಎಷ್ಟೋ ವರ್ಷಗಳಾದ ಮೇಲೆ. ಮನೆಯಲ್ಲಿ ಯಾರೂ ಇರಲಿಲ್ಲ, ಗಟ್ಟಿಯಾಗಿಯೇ ಪ್ರಾರ್ಥಿಸುತ್ತಿದ್ದೆ. ನಡುವೆ ಒಲೆ ಆರಿಸಿದೆನೋ ಇಲ್ಲವೋ ಎಂಬ ಅನುಮಾನ ಬಂತು. ಎದ್ದು ಹೋಗಿ ನೋಡಿ ಬಂದೆ. ಅಷ್ಟು ಹೊತ್ತೂ ನನ್ನ ಬಾಯಿ ಮಾತ್ರ ನಿಂತಿರಲಿಲ್ಲ. 'ಕರ್ತನೇ, ಸ್ತೋತ್ರ, ಈ ದಿನಕ್ಕಾಗಿ ಸ್ತೋತ್ರ, ನಮ್ಮೆಲ್ಲರನ್ನೂ ಕಾಪಾಡು' ಎಂದು ಅದರ ಪಾಡಿಗೆ ಅದು ಹೇಳುತ್ತಲೇ ಇತ್ತು. ನಾನಿಲ್ಲದೆಯೂ ನನ್ನ ಪ್ರಾರ್ಥನೆ ನಡೆಯುತ್ತದೆ ಎಂದು ಅವತ್ತು ಗೊತ್ತಾಯಿತು.

ಇಂಥ ಹೊತ್ತಿನಲ್ಲಿ ಸಾಮಾನ್ಯವಾಗಿ ಸಿಗುವ ಸಲಹೆ 'ಇನ್ನೂ ಹೆಚ್ಚು ಹೊತ್ತು ಪ್ರಾರ್ಥಿಸಿ' ಎನ್ನುವುದು. ನಾನೂ ಹಾಗೇ ಮಾಡಿದೆ. ಹದಿನೈದು ನಿಮಿಷದ ಗೈರುಹಾಜರಿ ನಲವತ್ತು ನಿಮಿಷದ ಗೈರುಹಾಜರಿಯಾಯಿತು, ಅಷ್ಟೇ. ದಾರಿ ತೆರೆದದ್ದು ಬೇರೊಂದು ಕಡೆಯಿಂದ. ಪ್ರಾರ್ಥನೆಯಲ್ಲಿ ಮಾತು ಶುರುಮಾಡಬೇಕಾದವಳು ನಾನು ಎಂದು ಇಷ್ಟು ದಿನ ನಂಬಿದ್ದೆ. ಆದರೆ ಬೈಬಲಿನ ಮೊದಲ ಪುಟದಿಂದಲೂ ಮೊದಲು ಮಾತಾಡುವವನು ದೇವರು. ತೋಟದಲ್ಲಿ ಬಚ್ಚಿಟ್ಟುಕೊಂಡಿದ್ದ ಆದಾಮನನ್ನು 'ನೀನು ಎಲ್ಲಿದ್ದೀ?' ಎಂದು ಕೇಳಿದವನು ಅವನೇ. ಹಾಗಾದರೆ ಪ್ರಾರ್ಥನೆ ಎಂದರೆ ಉತ್ತರ. ಮುಂದಿನ ಹಂತಗಳೆಲ್ಲ ಈ ಒಂದು ತಿಳಿವಳಿಕೆಯ ಮೇಲೆ ನಿಂತಿವೆ. ಒಂದೊಂದಾಗಿ ಮಾಡಿ ನೋಡಿ. ಒಂದು ಹಂತಕ್ಕೆ ಒಂದೆರಡು ವಾರ ಹಿಡಿದರೆ ಹಿಡಿಯಲಿ.

ಹಂತ 1: ಒಂದು ವಾರ ನಿಮ್ಮ ಮಾತನ್ನು ನೀವೇ ಕೇಳಿಸಿಕೊಳ್ಳಿ

ಮೊದಲ ವಾರ ಏನನ್ನೂ ಬದಲಿಸಬೇಡಿ. ಎಂದಿನಂತೆಯೇ ಪ್ರಾರ್ಥಿಸಿ, ಮುಗಿದ ಮೇಲೆ ಎರಡೇ ನಿಮಿಷ ಕೂತು ಮೂರು ವಿಷಯ ಬರೆದಿಡಿ. ಯಾವ ಮಾತು ಮತ್ತೆಮತ್ತೆ ಬಂತು? ದಿನವಿಡೀ ನಿಮ್ಮ ತಲೆ ತಿಂದ ಯಾವ ಸಂಗತಿ ಪ್ರಾರ್ಥನೆಯಲ್ಲಿ ಬರಲೇ ಇಲ್ಲ? ದೇವರನ್ನು ಏನೆಂದು ಕರೆದಿರಿ?

ಎರಡನೆಯ ಪ್ರಶ್ನೆಯೇ ಮುಖ್ಯ. ಸಾಲದ ಚಿಂತೆಯಿಂದ ರಾತ್ರಿ ನಿದ್ದೆ ಬಾರದವರು ಬೆಳಿಗ್ಗೆ ಸುವಾರ್ತಾಸೇವೆಗಾಗಿ ಪ್ರಾರ್ಥಿಸುತ್ತಾರೆ, ಸಾಲದ ಸುದ್ದಿಯೇ ಎತ್ತುವುದಿಲ್ಲ. ಒಡಹುಟ್ಟಿದವರ ಮೇಲೆ ಕುದಿಯುತ್ತಿರುವವರು 'ಕುಟುಂಬವನ್ನು ಆಶೀರ್ವದಿಸು' ಎಂಬ ಒಂದೇ ಮಾತಿನಲ್ಲಿ ಎಲ್ಲವನ್ನೂ ಮುಚ್ಚಿಬಿಡುತ್ತಾರೆ. ನಮ್ಮ ಬದುಕಿಗೂ ಪ್ರಾರ್ಥನೆಗೂ ನಡುವೆ ಎಷ್ಟು ದೂರವಿದೆ ಎಂಬುದನ್ನು ಈ ಚೀಟಿ ತೋರಿಸುತ್ತದೆ. ಅದನ್ನು ಜೋಪಾನವಾಗಿಡಿ, ಐದನೆಯ ಹಂತದಲ್ಲಿ ಬೇಕಾಗುತ್ತದೆ.

ಹಂತ 2: ಹತ್ತು ನಿಮಿಷ, ಒಂದೇ ಜಾಗ

ಯೇಸು ಮುಂಜಾನೆ ಇನ್ನೂ ಕತ್ತಲಿರುವಾಗಲೇ ಎದ್ದು ಅಡವಿಗೆ ಹೋಗಿ ಪ್ರಾರ್ಥಿಸಿದನೆಂದು ಮಾರ್ಕ 1:35 ಹೇಳುತ್ತದೆ. ಈ ವಚನ ಹಿಡಿದು ಎಲ್ಲರನ್ನೂ ನಾಲ್ಕು ಗಂಟೆಗೆ ಎಬ್ಬಿಸುವವರಿದ್ದಾರೆ. ಅದೇ ಯೇಸು ಬೆಟ್ಟದ ಮೇಲೆ ರಾತ್ರಿಯೆಲ್ಲ ಪ್ರಾರ್ಥಿಸಿದ್ದೂ ಇದೆ, ದಾನಿಯೇಲನು ದಿನಕ್ಕೆ ಮೂರು ಸಲ ಮೊಣಕಾಲೂರಿದ್ದೂ ಇದೆ. ಹಸುಗೂಸಿನ ತಾಯಿಗೆ, ರಾತ್ರಿ ಪಾಳಿಯವರಿಗೆ ಮುಂಜಾನೆಯೆಂಬುದು ಎಲ್ಲರ ಮುಂಜಾನೆಯಂತಿರುವುದಿಲ್ಲ. ನಿಮ್ಮ ಮೇಲೆ ಯಾರ ಹಕ್ಕೂ ಇಲ್ಲದ ಹತ್ತು ನಿಮಿಷ ದಿನದಲ್ಲಿ ಯಾವಾಗ ಸಿಗುತ್ತದೆ ಎಂದು ನೋಡಿ, ಅದನ್ನೇ ಹಿಡಿಯಿರಿ.

ಜಾಗ ಒಂದೇ ಇರಲಿ: ಒಂದು ಕುರ್ಚಿ, ಒಂದು ಮೂಲೆ, ಇಷ್ಟು ಸಾಕು. ಮತ್ತಾಯ 6:6ರಲ್ಲಿ 'ಬಾಗಿಲು ಮುಚ್ಚಿಕೊಂಡು' ಎಂದು ಯೇಸು ಹೇಳಿದ್ದು ಬೇರೆಯವರು ನೋಡಿ ಮೆಚ್ಚಲಿ ಎಂಬ ಆಸೆಗೆ ಬೀಗ ಹಾಕುವುದಕ್ಕೆ. ಈಗ ಆ ಬಾಗಿಲಿನ ಜೊತೆಗೆ ಮುಚ್ಚಬೇಕಾದ್ದು ಮೊಬೈಲು. ಬೈಬಲನ್ನು ಮೊಬೈಲಿನಲ್ಲೇ ಓದುತ್ತೇನೆ ಎನ್ನುವವರು ಈ ಹತ್ತು ನಿಮಿಷಕ್ಕಾದರೂ ಅಚ್ಚಾದ ಪುಸ್ತಕ ಹಿಡಿಯಿರಿ. ಇದರಲ್ಲಿ ನನಗೆ ಯಾವ ರಾಜಿಯೂ ಇಲ್ಲ.

ಮೊಣಕಾಲೂರುವುದೋ, ಕೂರುವುದೋ, ನಿಲ್ಲುವುದೋ ಎಂಬುದು ದೊಡ್ಡ ವಿಷಯವಲ್ಲ, ಬೈಬಲಿನಲ್ಲಿ ಎಲ್ಲವೂ ಇವೆ. ಮಲಗಿ ಪ್ರಾರ್ಥಿಸಿದರೆ ಏನಾಗುತ್ತದೆ ಎಂದು ಹೇಳಬೇಕಿಲ್ಲ.

ಹಂತ 3: ಮೊದಲು ವಾಕ್ಯ, ಆಮೇಲೆ ಮಾತು

ಇಡೀ ಮಾರ್ಗದರ್ಶಿಯಲ್ಲಿ ಒಂದೇ ಒಂದು ಹಂತ ಮಾಡುವಷ್ಟು ಪುರಸೊತ್ತಿದ್ದರೆ ಇದನ್ನು ಮಾಡಿ.

ಬ್ರಿಸ್ಟಲ್ ನಗರದಲ್ಲಿ ಅನಾಥಾಲಯಗಳನ್ನು ನಡೆಸಿದ ಜಾರ್ಜ್ ಮುಲ್ಲರ್ ಪ್ರಾರ್ಥನೆಯ ಮನುಷ್ಯನೆಂದೇ ಹೆಸರಾದವರು. ಅವರೇ 1841ರಲ್ಲಿ ಬರೆದುಕೊಂಡ ಒಂದು ಮಾತು ನನಗೆ ತುಂಬ ಸಮಾಧಾನ ಕೊಟ್ಟಿದೆ. ಅದಕ್ಕೆ ಮುಂಚಿನ ವರ್ಷಗಳಲ್ಲಿ ಅವರು ಬೆಳಿಗ್ಗೆ ಎದ್ದ ಕೂಡಲೇ ಪ್ರಾರ್ಥನೆಗೆ ತೊಡಗುತ್ತಿದ್ದರು. ಮನಸ್ಸು ಅಲೆದಾಡಿ, ಕಾಲು ಗಂಟೆ, ಕೆಲವೊಮ್ಮೆ ಅರ್ಧ ಗಂಟೆ ಕಳೆದ ಮೇಲೇ ನಿಜವಾದ ಪ್ರಾರ್ಥನೆ ಶುರುವಾಗುತ್ತಿತ್ತಂತೆ. ಆಮೇಲೆ ಅವರು ಕ್ರಮವನ್ನು ತಿರುವಿಹಾಕಿದರು. ಮೊದಲು ವಾಕ್ಯವನ್ನು ಓದಿ ಧ್ಯಾನಿಸುವುದು, ಅದು ತಾನಾಗಿ ಪಾಪದ ಅರಿಕೆಗೋ ಸ್ತೋತ್ರಕ್ಕೋ ಬೇಡಿಕೆಗೋ ಎಳೆದುಕೊಂಡು ಹೋದಾಗ ಅದರ ಹಿಂದೆ ಹೋಗುವುದು.

ಓದಿಗೆ ಕೀರ್ತನೆಗಳನ್ನೇ ತೆಗೆದುಕೊಳ್ಳಿ. ಬೈಬಲಿನ ಬಹುಪಾಲು ಭಾಗ ನಮ್ಮೊಂದಿಗೆ ಮಾತಾಡಿದರೆ, ಈ 150 ಹಾಡುಗಳು ನಮ್ಮ ಬಾಯಲ್ಲಿ ಮಾತಾಡುತ್ತವೆ. ಯೇಸುವೂ ಇವನ್ನೇ ಪ್ರಾರ್ಥಿಸಿದನು, ಶಿಲುಬೆಯ ಮೇಲೆ ಕೂಗಿದ್ದು 22ನೆಯ ಕೀರ್ತನೆಯ ಮೊದಲ ಸಾಲನ್ನು. ದಿನಕ್ಕೆ ಒಂದು ಕೀರ್ತನೆ. 119ನೆಯದರಲ್ಲಿ 176 ವಚನಗಳಿವೆ, ಅದನ್ನು ಎಂಟೆಂಟು ವಚನಗಳಾಗಿ ಬಿಡಿಸಿಕೊಳ್ಳಿ.

ಓದಿದ್ದನ್ನು ಪ್ರಾರ್ಥನೆಯಾಗಿ ತಿರುಗಿಸುವುದು ಹೇಗೆ? ಇದಕ್ಕೆ ನಾನು ಬಳಸುವುದು ಒಬ್ಬ ಕ್ಷೌರಿಕನಿಗೆ ಸಿಕ್ಕ ಉಪದೇಶ. ಜರ್ಮನಿಯ ಸಭಾಸುಧಾರಕ ಮಾರ್ಟಿನ್ ಲೂಥರನಿಗೆ ಕ್ಷೌರ ಮಾಡುತ್ತಿದ್ದ ಪೀಟರ್ ಎಂಬವನು ಪ್ರಾರ್ಥಿಸುವುದು ಹೇಗೆಂದು ಕೇಳಿದ, ಲೂಥರ್ 1535ರಲ್ಲಿ ಅವನಿಗೆ ಸಾವಕಾಶವಾಗಿ ಬರೆದು ಉತ್ತರಿಸಿದ. ವಾಕ್ಯದ ಒಂದೊಂದು ಭಾಗವನ್ನೂ ನಾಲ್ಕು ಎಳೆಯ ಹಾರದಂತೆ ಹೆಣೆಯಬೇಕು ಎಂಬುದು ಅವನ ಮಾತು: ಇದು ನನಗೆ ಏನು ಕಲಿಸುತ್ತದೆ, ಇದರಲ್ಲಿ ಯಾವುದಕ್ಕೆ ಕೃತಜ್ಞತೆ ಸಲ್ಲಿಸಲಿ, ಇದು ನನ್ನ ಯಾವ ತಪ್ಪನ್ನು ತೋರಿಸುತ್ತದೆ, ಇದರಿಂದ ಏನನ್ನು ಬೇಡಲಿ.

131ನೆಯ ಕೀರ್ತನೆಯಲ್ಲಿ ಮಾಡಿ ನೋಡೋಣ. ಮೂರೇ ವಚನ. ನನ್ನ ಹೃದಯಕ್ಕೆ ಗರ್ವವಿಲ್ಲ, ನನಗೆ ಮೀರಿದ ಸಂಗತಿಗಳಲ್ಲಿ ಕೈಹಾಕುವುದಿಲ್ಲ, ಮೊಲೆ ಬಿಡಿಸಿದ ಕೂಸು ತಾಯಿಯ ಬಳಿ ಇರುವಂತೆ ನನ್ನ ಪ್ರಾಣ ಸುಮ್ಮನಿದೆ ಎನ್ನುತ್ತದೆ ಅದು. ಮೊದಲ ಸಲ ಗಟ್ಟಿಯಾಗಿ, ಎರಡನೆಯ ಸಲ ಪಿಸುಮಾತಿನಲ್ಲಿ ಓದಿ. ಎಲ್ಲಿ ಮನಸ್ಸು ತಡೆಯಿತೋ ಅಲ್ಲೇ ನಿಲ್ಲಿ. ನನಗೆ ತಡೆದದ್ದು 'ಮೊಲೆ ಬಿಡಿಸಿದ' ಎಂಬ ಮಾತು. ಹಾಲು ಕುಡಿಯುವ ಕೂಸು ತಾಯಿಯ ಮಡಿಲಲ್ಲಿ ತಡಕಾಡುತ್ತದೆ, ಸಿಗದಿದ್ದರೆ ಅಳುತ್ತದೆ. ಮೊಲೆ ಬಿಟ್ಟ ಕೂಸು ಅದೇ ಮಡಿಲಿಗೆ ಬಂದು ಏನನ್ನೂ ಬೇಡದೆ ಒರಗಿ ಕೂರುತ್ತದೆ.

ಈಗ ನಾಲ್ಕು ಎಳೆ. ಕಲಿತದ್ದು: ಬೇಡುವುದಕ್ಕಲ್ಲದೆ ಸುಮ್ಮನೆ ಜೊತೆಗಿರುವುದಕ್ಕೂ ದೇವರ ಬಳಿ ಬರಬಹುದು. ಕೃತಜ್ಞತೆ: ತಂದೆಯೇ, ನನ್ನ ತಡಕಾಟವನ್ನು ಇಷ್ಟು ವರ್ಷ ಸಹಿಸಿದ್ದೀ, ನಿನಗೆ ಸ್ತೋತ್ರ. ಅರಿಕೆ: ನಿನ್ನೆ ಮಗಳ ಮದುವೆಯ ವಿಷಯದಲ್ಲಿ ನಾಳೆ, ನಾಡಿದ್ದು, ಮುಂದಿನ ವರ್ಷವನ್ನೆಲ್ಲ ನಾನೇ ಹೊತ್ತುಕೊಂಡೆ, ನನಗೆ ಮೀರಿದ್ದರಲ್ಲಿ ಕೈಹಾಕಿದೆ. ಬೇಡಿಕೆ: ಈ ದಿನ ಮಧ್ಯಾಹ್ನ ಆ ಮದುವೆಯ ಮಾತಾಡುವಾಗ ನನ್ನ ಪ್ರಾಣವನ್ನು ಸುಮ್ಮನಿರಿಸು.

ಮುಗಿಯಿತು. ಐದು ನಿಮಿಷ ಆಗಿರಬಹುದು. ಇದರಲ್ಲಿ ಬಂದ ಪ್ರತಿಯೊಂದು ಮಾತೂ ಈ ದಿನದ್ದು, ನಿನ್ನೆ ಹೇಳಲಾಗದ್ದು. ನಾಲ್ಕೂ ಎಳೆ ಪ್ರತಿದಿನ ಸಿಗಬೇಕೆಂದೇನೂ ಇಲ್ಲ. ನಡುವೆ ಒಂದು ಒಳ್ಳೆಯ ಯೋಚನೆ ಹೊಳೆದರೆ ಮಿಕ್ಕಿದ್ದನ್ನು ಬಿಟ್ಟು ಅದನ್ನೇ ಮೌನವಾಗಿ ಕೇಳಿಸಿಕೋ, ಅಲ್ಲಿ ಪವಿತ್ರಾತ್ಮನೇ ಬೋಧಿಸುತ್ತಿದ್ದಾನೆ ಎಂದು ಲೂಥರನೇ ಪೀಟರನಿಗೆ ಹೇಳಿದ್ದಾನೆ.

ಹಂತ 4: ಕರ್ತನ ಪ್ರಾರ್ಥನೆಯನ್ನು ನಿಧಾನಿಸಿ

'ಕರ್ತನೇ, ನಮಗೂ ಪ್ರಾರ್ಥಿಸಲು ಕಲಿಸು' ಎಂದು ಶಿಷ್ಯರಲ್ಲೊಬ್ಬನು ಕೇಳಿದಾಗ ಯೇಸು ತತ್ವ ಹೇಳಲಿಲ್ಲ, ಬಾಯಿಪಾಠಕ್ಕೆ ಮಾತುಗಳನ್ನೇ ಕೊಟ್ಟನು. ಅದನ್ನು ನಾವು ಇಪ್ಪತ್ತು ಸೆಕೆಂಡಿನಲ್ಲಿ ಮುಗಿಸುವುದನ್ನೂ ಕಲಿತುಬಿಟ್ಟಿದ್ದೇವೆ.

ವಾರದಲ್ಲಿ ಎರಡು ದಿನ ಕೀರ್ತನೆಯ ಬದಲು ಇದನ್ನು ತೆಗೆದುಕೊಳ್ಳಿ. ಒಂದು ಸಾಲು ಹೇಳಿ ನಿಲ್ಲಿ, ಆ ಸಾಲಿನೊಳಗೆ ನಿಮ್ಮ ದಿನವನ್ನು ತನ್ನಿ. 'ನಿನ್ನ ಚಿತ್ತವು ನೆರವೇರಲಿ' ಎಂದಾಗ ನಿಮ್ಮ ಚಿತ್ತಕ್ಕೂ ಅವನ ಚಿತ್ತಕ್ಕೂ ಹೊಂದದ ಒಂದು ವಿಷಯದ ಹೆಸರು ಹೇಳಿ. 'ನಮ್ಮ ಅನುದಿನದ ಆಹಾರ' ಎಂದಾಗ ಈ ದಿನಕ್ಕೆ ನಿಜವಾಗಿ ಬೇಕಾದ್ದನ್ನು ಕೇಳಿ, ಮುಂದಿನ ವರ್ಷದ್ದು ಬೇಡ. 'ನಮಗೆ ತಪ್ಪು ಮಾಡಿದವರನ್ನು' ಎಂದಾಗ ಒಂದು ಮುಖ ಕಣ್ಣೆದುರು ಬರುತ್ತದೆ, ಎಲ್ಲರಿಗೂ ಬರುತ್ತದೆ. ಅಲ್ಲಿಂದ ಓಡಬೇಡಿ.

ಎರಡು ವಿಷಯ ಗಮನಿಸಿ. ಆಹಾರದ ಮಾತು ಬರುವುದು ನಾಲ್ಕನೆಯದಾಗಿ, ಅದಕ್ಕೆ ಮುಂಚೆ ಮೂರು ಬೇಡಿಕೆಗಳು ದೇವರ ಹೆಸರು, ರಾಜ್ಯ, ಚಿತ್ತದ ಬಗ್ಗೆ. ಮತ್ತೆ ಇಡೀ ಪ್ರಾರ್ಥನೆಯಲ್ಲಿ 'ನನ್ನ' ಎಂಬ ಮಾತು ಎಲ್ಲೂ ಇಲ್ಲ, ಇರುವುದೆಲ್ಲ 'ನಮ್ಮ'. ಒಬ್ಬರೇ ಕೋಣೆಯಲ್ಲಿ ಬಾಗಿಲು ಮುಚ್ಚಿಕೊಂಡು ಹೇಳಿದರೂ ಅದು 'ನಮ್ಮ ತಂದೆಯೇ'.

ಹಂತ 5: ಹೇಳಬಾರದು ಅಂದುಕೊಂಡದ್ದನ್ನು ಹೇಳಿ

ಮೊದಲ ವಾರದ ಚೀಟಿಯನ್ನು ಈಗ ತೆಗೆಯಿರಿ. ಪ್ರಾರ್ಥನೆಯಲ್ಲಿ ಬಾರದೆ ಉಳಿದದ್ದು ಯಾಕೆ ಬರಲಿಲ್ಲ? ದೇವರ ಮುಂದೆ ಇದು ಸಲ್ಲದು ಎಂದುಕೊಂಡಿರಿ. ಸಿಟ್ಟು ಅವಿಶ್ವಾಸವಾಗುತ್ತದೆ, ಅನುಮಾನ ಪಾಪವಾಗುತ್ತದೆ, ಅಸೂಯೆಯ ಬಾಯೆತ್ತುವುದೇ ಬೇಡ ಎಂದು ಚಿಕ್ಕಂದಿನಿಂದ ಕೇಳಿದ್ದೀರಿ. ಆದರೆ 13ನೆಯ ಕೀರ್ತನೆ ಶುರುವಾಗುವುದೇ 'ಯೆಹೋವನೇ, ಇನ್ನೆಷ್ಟರವರೆಗೆ?' ಎಂಬ ಕೂಗಿನಿಂದ. ಮೊದಲ ಎರಡು ವಚನಗಳಲ್ಲಿ 'ಎಷ್ಟರವರೆಗೆ' ಎಂದು ಕೀರ್ತನೆಗಾರನು ನಾಲ್ಕು ಸಲ ಕೇಳುತ್ತಾನೆ. ಅದು ಕೊನೆಯಲ್ಲಿ ಭರವಸೆಗೆ ತಿರುಗುತ್ತದೆ, ಸರಿ. ಆದರೆ 88ನೆಯದು ತಿರುಗುವುದೇ ಇಲ್ಲ, ಕತ್ತಲೆ ಎಂಬ ಮಾತಿನೊಂದಿಗೆ ಮುಗಿದುಹೋಗುತ್ತದೆ. ಅಂಥ ಹಾಡನ್ನೂ ದೇವಜನರು ಆರಾಧನೆಯ ಪುಸ್ತಕದಲ್ಲಿ ಉಳಿಸಿಕೊಂಡಿದ್ದಾರೆ.

ಹನ್ನಳ ಕಥೆ ನೆನಪಿದೆಯಲ್ಲ. ಮಕ್ಕಳಿಲ್ಲದ ದುಃಖಕ್ಕೆ ದೇವಾಲಯದಲ್ಲಿ ತುಟಿ ಮಾತ್ರ ಆಡಿಸುತ್ತಾ ಅಳುತ್ತಿದ್ದವಳನ್ನು ಯಾಜಕ ಏಲಿ ಕುಡಿದವಳೆಂದು ತಿಳಿದನು. 'ನನ್ನ ಮನೋವ್ಯಥೆಯನ್ನು ಕರ್ತನ ಮುಂದೆ ಹೊಯ್ದುಬಿಟ್ಟೆ' ಎನ್ನುವ ಅರ್ಥದಲ್ಲಿ ಅವಳು ಕೊಟ್ಟ ಉತ್ತರವಿದೆ. ಹೊಯ್ಯುವುದೆಂದರೆ ಪಾತ್ರೆಯ ತಳದಲ್ಲಿ ಏನೂ ಉಳಿಯದಂತೆ ಬಗ್ಗಿಸುವುದು.

ಹೇಗೆ ಮಾಡುವುದು? ಹಿಜ್ಕೀಯ ರಾಜನಿಗೆ ಶತ್ರುವಿನಿಂದ ಬೆದರಿಕೆಯ ಪತ್ರ ಬಂದಾಗ ಅವನು ಅದನ್ನು ದೇವಾಲಯಕ್ಕೆ ಒಯ್ದು ಕರ್ತನ ಮುಂದೆ ಹರಡಿದನು (2 ಅರಸುಗಳು 19:14). ನೀವೂ ಹಾಗೆ ಮಾಡಬಹುದು. ವೈದ್ಯರ ವರದಿ, ಬ್ಯಾಂಕಿನ ನೋಟಿಸು, ಉತ್ತರಿಸಲಾಗದ ಒಂದು ಸಂದೇಶ, ಯಾವುದೇ ಇರಲಿ, ನಿಜವಾಗಿಯೇ ಎದುರಿಗೆ ಹರಡಿಟ್ಟು, ಅದರಲ್ಲಿ ಏನಿದೆ, ನಿಮಗೆ ಏನನ್ನಿಸುತ್ತಿದೆ ಎಂದು ಆಡುಮಾತಿನಲ್ಲಿ ಹೇಳಿ. 'ಓ ಸರ್ವಶಕ್ತನಾದ ದೇವರೇ' ಎಂಬ ವೇದಿಕೆಯ ಭಾಷೆ ಇಲ್ಲಿ ಬೇಡ. ಮನೆಯವರೊಂದಿಗೆ ಮಾತಾಡುವ ಕನ್ನಡವೇ ಸಾಕು.

ಪಾಪದ ಅರಿಕೆಯೂ ಹೀಗೆಯೇ. 'ನನ್ನ ಎಲ್ಲಾ ಪಾಪಗಳನ್ನು ಕ್ಷಮಿಸು' ಎಂಬುದು ಎಲ್ಲವನ್ನೂ ಹೇಳಿ ಏನನ್ನೂ ಹೇಳದ ಮಾತು. ಒಂದನ್ನು ಅದರ ಹೆಸರಿನಿಂದ ಕರೆಯಿರಿ: ನಿನ್ನೆ ಇಂಥವರ ಬಗ್ಗೆ ಸುಳ್ಳು ಹೇಳಿದೆ, ನಾನು ಒಳ್ಳೆಯವಳೆನಿಸಿಕೊಳ್ಳಲು. ಆಮೇಲೆ ಕ್ಷಮೆಯನ್ನು ನಂಬಿ ಎದ್ದೇಳಿ, ಅದೇ ಪಾಪವನ್ನು ದಿನಾ ತೋಡಿ ತೆಗೆಯುವ ಅಗತ್ಯವಿಲ್ಲ. ಒಬ್ಬರಿಗೆ ಅನ್ಯಾಯ ಮಾಡಿದ್ದು ನೆನಪಾದರೆ ಕಾಣಿಕೆಯನ್ನು ಯಜ್ಞವೇದಿಯ ಮುಂದೆಯೇ ಬಿಟ್ಟು ಮೊದಲು ಹೋಗಿ ಸಮಾಧಾನವಾಗು ಎಂದು ಮತ್ತಾಯ 5ರಲ್ಲಿದೆ. ಹಾಗಾಗಿ ಕೆಲವು ದಿನ ಪ್ರಾರ್ಥನೆ ಮುಂದುವರಿಯುವುದು ಒಂದು ಫೋನ್ ಕರೆಯಲ್ಲಿ.

ಹಂತ 6: ಸುಮ್ಮನಿರುವುದು, ಮತ್ತು ಅಲೆಯುವ ಮನಸ್ಸು

ಇಷ್ಟು ರೂಢಿಯಾದ ಮೇಲೆ ಕೊನೆಯ ಎರಡು ಮೂರು ನಿಮಿಷವನ್ನು ಮಾತಿಲ್ಲದೆ ಬಿಡಿ. ಆ ದಿನ ತಡೆದು ನಿಲ್ಲಿಸಿದ ಒಂದು ಪದವನ್ನು ಕೈಯಲ್ಲಿ ಹಿಡಿದಂತೆ ಹಿಡಿದುಕೊಂಡು ಕೂರಿ. ಬಾಲಕ ಸಮುವೇಲನಿಗೆ ಏಲಿ ಕಲಿಸಿದ್ದು ಇದನ್ನೇ: 'ಅಪ್ಪಣೆಯಾಗಲಿ, ನಿನ್ನ ದಾಸನು ಕೇಳುತ್ತಾನೆ.'

ಕೂತ ಅರ್ಧ ನಿಮಿಷಕ್ಕೆ ಮನಸ್ಸು ಹೊರಡುತ್ತದೆ. ಇದರಲ್ಲಿ ನಾಚಿಕೆಪಡುವುದೇನಿಲ್ಲ. ಅದೇ ಪೀಟರನಿಗೆ ಲೂಥರ್ ಅವನ ಕಸುಬಿನಿಂದಲೇ ಒಂದು ದೃಷ್ಟಾಂತ ಕೊಟ್ಟ: ಒಳ್ಳೆಯ ಕ್ಷೌರಿಕನ ಕಣ್ಣು, ಮನಸ್ಸು ಕತ್ತಿಯ ಮೇಲೇ ಇರಬೇಕು, ಹರಟುತ್ತಾ ಅತ್ತಿತ್ತ ನೋಡಿದರೆ ಗಿರಾಕಿಯ ಮೂಗನ್ನೋ ಕುತ್ತಿಗೆಯನ್ನೋ ಕೊಯ್ದಾನು. ಮಾತು ಸರಿ, ಆದರೆ ಮನಸ್ಸು ಕತ್ತಿಯಷ್ಟು ಹೇಳಿದಂತೆ ಕೇಳುವುದಿಲ್ಲ. ನನಗೆ ಕೆಲಸಕ್ಕೆ ಬಂದದ್ದು ಮೂರು ಉಪಾಯ.

ಪಕ್ಕದಲ್ಲಿ ಒಂದು ಹಾಳೆ ಇಟ್ಟುಕೊಳ್ಳಿ. 'ಬಿಲ್ಲು ಕಟ್ಟಬೇಕು' ಎಂದು ನೆನಪಾದರೆ ಬರೆದಿಟ್ಟು ಮರೆಯಿರಿ. ಬರೆಯದಿದ್ದರೆ ಅದು ಬಾಗಿಲು ಬಡಿಯುತ್ತಲೇ ಇರುತ್ತದೆ.

ಅದೇ ಯೋಚನೆ ಮೂರು ದಿನ ಸತತವಾಗಿ ಬಂದರೆ ಅದನ್ನು ಓಡಿಸಬೇಡಿ, ಅದನ್ನೇ ಪ್ರಾರ್ಥನೆ ಮಾಡಿ. ಅದು ಬಹುಶಃ ಆ ಚೀಟಿಯಲ್ಲಿ ಬರೆಯಲು ಮರೆತ ವಿಷಯ.

ಮಿಕ್ಕ ಯೋಚನೆಗಳಿಗೆ ಒಂದು ಚಿಕ್ಕ ವಾಕ್ಯ ಇಟ್ಟುಕೊಳ್ಳಿ, ಅಲೆದಾಗಲೆಲ್ಲ ಅದನ್ನು ಹೇಳಿ ಮರಳಿ ಬನ್ನಿ. ಐಗುಪ್ತದ ಮರುಭೂಮಿಯ ಸನ್ಯಾಸಿಗಳು ಇದಕ್ಕಾಗಿ 70ನೆಯ ಕೀರ್ತನೆಯ ಮೊದಲ ವಚನವನ್ನು ಬಳಸುತ್ತಿದ್ದರೆಂದು ಅವರ ನಡುವೆ ಇದ್ದು ಬಂದ ಸನ್ಯಾಸಿ ಜಾನ್ ಕ್ಯಾಸಿಯನ್ ಐದನೆಯ ಶತಮಾನದಲ್ಲಿ ಬರೆದಿಟ್ಟಿದ್ದಾರೆ: ದೇವರೇ, ನನ್ನನ್ನು ಬಿಡಿಸು, ಬೇಗ ಬಂದು ಸಹಾಯಮಾಡು ಎಂಬ ಭಾವದ್ದು. ಪೂರ್ವದ ಆರ್ಥೊಡಾಕ್ಸ್ ಸಭೆಗಳವರು 'ಕರ್ತನಾದ ಯೇಸು ಕ್ರಿಸ್ತನೇ, ದೇವಕುಮಾರನೇ, ಪಾಪಿಯಾದ ನನ್ನನ್ನು ಕರುಣಿಸು' ಎನ್ನುತ್ತಾರೆ. ಹತ್ತು ನಿಮಿಷದಲ್ಲಿ ನಲವತ್ತು ಸಲ ಅಲೆದು ನಲವತ್ತು ಸಲ ಮರಳಿದಿರಾ? ನಲವತ್ತು ಸಲ ದೇವರ ಕಡೆಗೆ ತಿರುಗಿದಿರಿ ಎಂದಾಯಿತು.

ಇಲ್ಲೊಂದು ಎಚ್ಚರಿಕೆ. ಮೌನದಲ್ಲಿ ಹೊಳೆದದ್ದೆಲ್ಲ ದೇವರ ವಾಣಿಯಲ್ಲ. ಮದುವೆ, ಕೆಲಸ, ಹಣದ ವಿಷಯದಲ್ಲಿ 'ಕರ್ತನು ನನಗೆ ಹೇಳಿದನು' ಎನ್ನುವ ಮುಂಚೆ ಅದು ವಾಕ್ಯಕ್ಕೆ ಒಪ್ಪುತ್ತದೆಯೇ ಎಂದು ನೋಡಿ, ನಿಮ್ಮನ್ನು ಬಲ್ಲ ಇಬ್ಬರು ಹಿರಿಯರನ್ನು ಕೇಳಿ, ಸ್ವಲ್ಪ ದಿನ ಕಾಯಿರಿ. ಅವಸರಪಡಿಸುವ ವಾಣಿ ಸಾಮಾನ್ಯವಾಗಿ ನಮ್ಮದೇ ಆಸೆಯದಾಗಿರುತ್ತದೆ.

ಹಂತ 7: ಇತರರಿಗಾಗಿ

ಒಂದು ಕಾಲಕ್ಕೆ ನನ್ನ ಪ್ರಾರ್ಥನಾ ಪುಸ್ತಕದಲ್ಲಿ ಎಂಬತ್ತಕ್ಕೂ ಹೆಚ್ಚು ಹೆಸರುಗಳಿದ್ದವು. ಓದಿಮುಗಿಸುವಷ್ಟರಲ್ಲಿ ಹಾಜರಿ ಕರೆದಂತಾಗುತ್ತಿತ್ತು. ಸತ್ತುಹೋಗಿದ್ದ ಒಬ್ಬರ ಗುಣಕ್ಕಾಗಿ ಎರಡು ತಿಂಗಳು ಪ್ರಾರ್ಥಿಸಿದ್ದೇನೆ ಎಂದು ಗೊತ್ತಾದ ದಿನ ಆ ಪುಸ್ತಕ ಮುಚ್ಚಿದೆ.

ಈಗ ಮಾಡುವುದು ಹೀಗೆ. ಮನೆಯವರಿಗಾಗಿ ಪ್ರತಿದಿನ. ಮಿಕ್ಕವರನ್ನು ವಾರದ ಏಳು ದಿನಕ್ಕೆ ಹಂಚಿ, ದಿನಕ್ಕೆ ಮೂರೇ ಹೆಸರು. ಪ್ರತಿ ಹೆಸರಿಗೂ ಒಂದು ನಿರ್ದಿಷ್ಟ ಬೇಡಿಕೆ. ಕುರುಡ ಬಾರ್ತಿಮಾಯನು 'ಕರುಣಿಸು' ಎಂದು ಕೂಗಿದಾಗ ಯೇಸು 'ನಾನು ನಿನಗೆ ಏನು ಮಾಡಬೇಕು?' ಎಂದು ಬಿಡಿಸಿ ಕೇಳಿದನು. 'ಅವರನ್ನು ಆಶೀರ್ವದಿಸು' ಎಂದಷ್ಟೇ ಹೇಳುತ್ತಿದ್ದರೆ ಬಹುಮಟ್ಟಿಗೆ ಅವರ ಸ್ಥಿತಿ ನಮಗೆ ಗೊತ್ತಿಲ್ಲ ಎಂದರ್ಥ, ಕೇಳಿ ತಿಳಿದುಕೊಳ್ಳಿ. ಬೇಡಿಕೆಯ ಪಕ್ಕದಲ್ಲಿ ತಾರೀಖು ಬರೆದಿಡಿ. ವರ್ಷದ ಕೊನೆಗೆ ತಿರುಗಿಸಿ ನೋಡಿದರೆ ಎಷ್ಟು ಉತ್ತರಗಳು ನಾವು ಗಮನಿಸದೆಯೇ ಬಂದುಹೋಗಿವೆ ಎಂದು ಕಾಣುತ್ತದೆ.

ನಿಮಗೆ ಕೇಡು ಮಾಡಿದವರ ಹೆಸರೊಂದು ಆ ಪಟ್ಟಿಯಲ್ಲಿರಲಿ. ಅವರು ಬದಲಾಗಲಿ ಎಂದು ಶುರುಮಾಡಬೇಡಿ, ನಿಮಗೆ ಬೇಕಾದ ಒಳ್ಳೆಯದನ್ನೇ ಅವರಿಗೂ ಕೇಳಿ. ಮೊದಲ ದಿನಗಳಲ್ಲಿ ಮಾತು ಗಂಟಲಲ್ಲೇ ಸಿಕ್ಕಿಕೊಳ್ಳುತ್ತದೆ. ಹಾಗೆಂದೇ ದೇವರಿಗೆ ಹೇಳಿ.

ಹಂತ 8: ಹಗಲಿನಲ್ಲಿ, ಮಲಗುವ ಮುನ್ನ

'ಎಡೆಬಿಡದೆ ಪ್ರಾರ್ಥನೆ ಮಾಡಿರಿ' ಎಂದು ಪೌಲನು ಥೆಸಲೊನೀಕದವರಿಗೆ ಬರೆದದ್ದು ಕೆಲಸ ಮಾಡಿ ಉಣ್ಣುವ ಜನರಿಗೆ. ಹದಿನೇಳನೆಯ ಶತಮಾನದಲ್ಲಿ ಪ್ಯಾರಿಸಿನ ಒಂದು ಮಠದ ಅಡುಗೆಮನೆಯಲ್ಲಿ ದುಡಿದ ಬ್ರದರ್ ಲಾರೆನ್ಸ್, ಪಾತ್ರೆಗಳ ಸದ್ದಿನ ನಡುವೆಯೂ ದೇವರ ಸನ್ನಿಧಿಯಲ್ಲಿರುವುದನ್ನು ರೂಢಿಸಿಕೊಂಡವರು. ನಮಗೆ ಅಷ್ಟು ಸಾಧ್ಯವಾಗದಿದ್ದರೂ, ದಿನದಲ್ಲಿ ಹೇಗೂ ಆಗುವ ಮೂರು ಕೆಲಸಗಳಿಗೆ ಒಂದೊಂದು ಸಾಲು ಕಟ್ಟಬಹುದು. ಬಾಗಿಲು ತೆರೆಯುವಾಗ, ಕೈ ತೊಳೆಯುವಾಗ, ಫೋನ್ ಎತ್ತುವ ಮುಂಚೆ. ಬೆಳಿಗ್ಗೆ ಓದಿದ ಕೀರ್ತನೆಯ ಸಾಲೇ ಆದರೆ ಇನ್ನೂ ಒಳ್ಳೆಯದು.

ರಾತ್ರಿಗೆ, ಜೆಸ್ವಿಟ್ ಸಂಘವನ್ನು ಕಟ್ಟಿದ ಲೊಯೋಲಾದ ಇಗ್ನೇಷಿಯಸ್ ಹದಿನಾರನೆಯ ಶತಮಾನದಲ್ಲಿ ಕಲಿಸಿದ ಒಂದು ಪರಿಶೀಲನೆ ಇದೆ. ಮೊದಲು ದಿನಕ್ಕಾಗಿ ಕೃತಜ್ಞತೆ. ಆಮೇಲೆ ಬೆಳಕಿಗಾಗಿ ಬೇಡಿಕೆ, ಯಾಕೆಂದರೆ ನಮ್ಮ ಕಣ್ಣಿಗೆ ನಾವು ಯಾವಾಗಲೂ ಸರಿಯಾಗಿಯೇ ಕಾಣುತ್ತೇವೆ. ನಂತರ ಬೆಳಗಿನಿಂದ ರಾತ್ರಿಯವರೆಗೆ ದಿನವನ್ನು ಗಂಟೆಗಂಟೆಯಾಗಿ ನೋಡುವುದು, ತಪ್ಪಿದ್ದಕ್ಕೆ ಕ್ಷಮೆ ಕೇಳುವುದು, ನಾಳೆಗೆ ಒಂದು ತೀರ್ಮಾನ. ಐದೇ ನಿಮಿಷ. ಹಾಸಿಗೆಯ ಮೇಲೆ ಬೇಡ, ಕೃತಜ್ಞತೆಯ ಹಂತದಲ್ಲೇ ನಿದ್ದೆ ಬಂದುಬಿಡುತ್ತದೆ.

ಒಣಗಿದ ದಿನಗಳು ಬಂದಾಗ

ಬರುತ್ತವೆ. ಆರು ತಿಂಗಳಿಗೋ ಎರಡು ವರ್ಷಕ್ಕೋ, ಮೊದಲಿನ ಸವಿಯೆಲ್ಲ ಆರಿಹೋಗುತ್ತದೆ. ಕೀರ್ತನೆ ಬರೀ ಅಕ್ಷರವಾಗುತ್ತದೆ, ಮೌನ ಬರೀ ಮೌನವಾಗುತ್ತದೆ. ಪ್ರಾರ್ಥನೆಯ ವಿಷಯದಲ್ಲಿ ಗುರುವೆನಿಸಿಕೊಂಡ ಸ್ಪೇನಿನ ಸನ್ಯಾಸಿನಿ ಅವಿಲಾದ ತೆರೇಸಾ ಕೂಡ ಕೆಲವು ವರ್ಷ, ಪ್ರಾರ್ಥನೆಯಲ್ಲಿ ಉಳಿಯುವುದಕ್ಕಿಂತ ಗಂಟೆ ಯಾವಾಗ ಬಾರಿಸುತ್ತದೆಯೋ ಎಂದು ಕಿವಿಯೊಡ್ಡಿ ಕೂರುತ್ತಿದ್ದುದಾಗಿ ಬರೆದುಕೊಂಡಿದ್ದಾರೆ.

ಮೊದಲು ಸಾಮಾನ್ಯ ಕಾರಣಗಳನ್ನು ನೋಡಿ. ನಿದ್ದೆ ಸರಿಯಾಗಿದೆಯೇ? ದೇಹ ದಣಿದಿದೆಯೇ? ವಾರಗಟ್ಟಲೆ ಯಾವುದರಲ್ಲೂ ಆಸಕ್ತಿ ಇಲ್ಲ, ಬದುಕೇ ಬೇಡವೆನಿಸುತ್ತಿದೆ ಎಂದಾದರೆ ಅದನ್ನು ಆತ್ಮಿಕ ಬರಗಾಲ ಎಂದು ಕರೆದು ಸುಮ್ಮನಾಗಬೇಡಿ, ವೈದ್ಯರ ಬಳಿ ಹೋಗಿ. ಖಿನ್ನತೆಗೆ ಚಿಕಿತ್ಸೆ ಪಡೆಯುವುದರಲ್ಲಿ ನಂಬಿಕೆಯ ಕೊರತೆ ಏನೂ ಇಲ್ಲ. ಬದೆಗಿಡದ ಕೆಳಗೆ ಸಾವನ್ನು ಬೇಡಿಕೊಂಡ ಎಲೀಯನಿಗೆ ದೇವದೂತನು ಮೊದಲು ಕೊಟ್ಟದ್ದು ರೊಟ್ಟಿ ಮತ್ತು ನೀರು.

ಮುಚ್ಚಿಟ್ಟ ಪಾಪವೊಂದಿದೆಯೇ? ಅದು ನಿಮಗೇ ಗೊತ್ತಿರುತ್ತದೆ, ಹುಡುಕಿ ಹುಡುಕಿ ಕಂಡುಹಿಡಿಯಬೇಕಾಗುವುದಿಲ್ಲ.

ಇವೆರಡೂ ಅಲ್ಲದಿದ್ದರೆ ಇಗ್ನೇಷಿಯಸ್ ಹೇಳಿದ ಎರಡು ಮಾತು ಪಾಲಿಸಿ. ಒಂದು, ಒಣಗಿದ ಕಾಲದಲ್ಲಿ ಮೊದಲಿನ ತೀರ್ಮಾನವನ್ನು ಬದಲಿಸಬೇಡಿ. ಎರಡು, ಗೊತ್ತುಮಾಡಿದ ಸಮಯಕ್ಕಿಂತ ಸ್ವಲ್ಪ ಹೆಚ್ಚೇ ಇರಿ. ಹತ್ತು ನಿಮಿಷವಾದರೆ ಹನ್ನೊಂದು. ಆ ಹನ್ನೊಂದನೆಯ ನಿಮಿಷದಲ್ಲಿ ಏನೂ ಆಗುವುದಿಲ್ಲ. ಮೊಲೆ ಬಿಡಿಸುವ ದಿನಗಳಲ್ಲಿ ಕೂಸಿಗೆ ತಾಯಿ ಕಠೋರಳಾಗಿಯೇ ಕಾಣುತ್ತಾಳಲ್ಲವೇ? 131ನೆಯ ಕೀರ್ತನೆ ಅಂಥ ದಿನಗಳ ಆಚೆ ನಿಂತು ಬರೆದದ್ದು ಎಂದು ನಾನು ಓದಿಕೊಳ್ಳುತ್ತೇನೆ.

ಬೇಡಿದ್ದು ಸಿಗದಿದ್ದಾಗ

ಇದಕ್ಕೆ ಚುಟುಕಾದ ಉತ್ತರ ಕೊಡುವವರಿಂದ ಸ್ವಲ್ಪ ದೂರವಿರಿ. 'ನಿಮ್ಮ ನಂಬಿಕೆ ಸಾಲದು' ಎಂದು ರೋಗಿಯ ಹಾಸಿಗೆಯ ಪಕ್ಕದಲ್ಲಿ ನಿಂತು ಹೇಳುವುದು ಕ್ರೌರ್ಯ. ಶರೀರದಲ್ಲಿ ನಾಟಿದ ಶೂಲ ತೊಲಗಲಿ ಎಂದು ಪೌಲನು ಮೂರು ಸಲ ಬೇಡಿಕೊಂಡನು, ತೊಲಗಲಿಲ್ಲ, 'ನನ್ನ ಕೃಪೆಯೇ ನಿನಗೆ ಸಾಕು' ಎಂಬ ಉತ್ತರ ಬಂತು. ಶಿಲುಬೆಯ ಹಿಂದಿನ ರಾತ್ರಿ ಗೆತ್ಸೇಮನೆ ತೋಟದಲ್ಲಿ ಯೇಸು ಅದೇ ಮಾತುಗಳನ್ನು ಮೂರು ಸಲ ಹೇಳಿ ಪ್ರಾರ್ಥಿಸಿದನು, ಆ ಸಂಕಟದ ಪಾತ್ರೆ ದಾಟಿಹೋಗಲಿಲ್ಲ. ಇವರಿಬ್ಬರ ನಂಬಿಕೆಯನ್ನು ಯಾರು ಅಳೆಯುತ್ತಾರೆ?

ಗೆತ್ಸೇಮನೆಯ ಪ್ರಾರ್ಥನೆಯ ಕ್ರಮವನ್ನು ಹಿಡಿಯಿರಿ. ಮೊದಲು 'ಅಪ್ಪಾ', ಆಮೇಲೆ 'ಈ ಪಾತ್ರೆಯನ್ನು ತೊಲಗಿಸು', ಕೊನೆಗೆ 'ನಿನ್ನ ಚಿತ್ತದಂತೆ ಆಗಲಿ'. ನಮ್ಮಲ್ಲಿ ಹಲವರು ಕೊನೆಯದಕ್ಕೆ ಹಾರಿಬಿಡುತ್ತಾರೆ, ನಡುವಿನದನ್ನು ಹೇಳುವ ಧೈರ್ಯವಿಲ್ಲದೆ. ತೊಲಗಿಸು ಎಂದು ಕೇಳದೆ 'ನಿನ್ನ ಚಿತ್ತ' ಎಂದರೆ ಅದು ಶರಣಾಗತಿಯಾಗುವುದಿಲ್ಲ, ಸೋತವರು ಕೈಚೆಲ್ಲಿದಂತಾಗುತ್ತದೆ. ಬೇಡಿ, ಇನ್ನೂ ಬೇಡಿ. ಅನ್ಯಾಯಗಾರನಾದ ನ್ಯಾಯಾಧಿಪತಿಯ ಬಾಗಿಲಿಗೆ ಅಲೆದ ವಿಧವೆಯ ಸಾಮ್ಯವನ್ನು (ಲೂಕ 18) ಯೇಸು ಹೇಳಿದ್ದೇ ಬೇಸರಗೊಳ್ಳದೆ ಪ್ರಾರ್ಥಿಸಬೇಕು ಎಂಬುದಕ್ಕೆ. ಮಾತೇ ಹೊರಡದಿದ್ದರೆ ನಿಟ್ಟುಸಿರು ಬಿಡಿ. ಹೇಗೆ ಬೇಡಬೇಕೆಂದು ನಮಗೆ ತಿಳಿಯದಿದ್ದಾಗ ಆತ್ಮನೇ ಮಾತಿಲ್ಲದ ನರಳಾಟದಿಂದ ನಮಗಾಗಿ ಬೇಡುತ್ತಾನೆ ಎಂದು ರೋಮಾಪುರದವರಿಗೆ ಬರೆದ ಪತ್ರದ 8ನೆಯ ಅಧ್ಯಾಯದಲ್ಲಿದೆ.

ಜೊತೆಗಾರರು ಮತ್ತು ಉಪವಾಸ

ಒಬ್ಬರನ್ನಾದರೂ ಜೊತೆ ಮಾಡಿಕೊಳ್ಳಿ. ವಾರಕ್ಕೆ ಒಂದು ಸಲ ಅರ್ಧ ಗಂಟೆ, ಹತ್ತು ನಿಮಿಷ ಮಾತು, ಇಪ್ಪತ್ತು ನಿಮಿಷ ಪ್ರಾರ್ಥನೆ. ಅಳತೆ ತಿರುವುಮುರುವಾದರೆ ಅದು ಹರಟೆಯ ಕೂಟವಾಗುತ್ತದೆ. ಅಲ್ಲಿ ಕೇಳಿದ್ದು ಅಲ್ಲೇ ಉಳಿಯಬೇಕು. 'ಇಂಥವರಿಗಾಗಿ ಪ್ರಾರ್ಥಿಸಿ' ಎಂಬ ಹೆಸರಿನಲ್ಲಿ ಊರಿಗೆಲ್ಲ ಹಬ್ಬುವ ಸುದ್ದಿಯಷ್ಟು ಸಭೆಗಳನ್ನು ಒಡೆದದ್ದು ಬೇರೆ ಇಲ್ಲ ಎಂದು ನನ್ನ ಅನಿಸಿಕೆ.

ಉಪವಾಸವನ್ನು ಒಂದು ಊಟದಿಂದ ಶುರುಮಾಡಿ, ಆ ಊಟದ ಹೊತ್ತನ್ನು ಪ್ರಾರ್ಥನೆಗೆ ಕೊಡಿ, ಉಳಿದ ಹಣವನ್ನು ಹಸಿದವರಿಗೆ ಕೊಡಿ. ಯೆಶಾಯ 58 ಕೇಳುವುದು ಇದನ್ನೇ. ಸಕ್ಕರೆ ಕಾಯಿಲೆ ಇರುವವರು, ಗರ್ಭಿಣಿಯರು, ಔಷಧಿ ತೆಗೆದುಕೊಳ್ಳುವವರು ಊಟ ಬಿಡುವುದು ಬೇಡ, ಬೇರೊಂದನ್ನು ಬಿಡಿ. ಮೊಬೈಲು ಹೇಗೂ ಇದೆಯಲ್ಲ.

ತಪ್ಪಿಹೋದರೆ

ನಾಲ್ಕು ದಿನವೋ ನಾಲ್ಕು ತಿಂಗಳೋ ಇದೆಲ್ಲ ಬಿಟ್ಟುಹೋಗುತ್ತದೆ. ಆಗ ಬಾಕಿ ತೀರಿಸಲು ಹೋಗಬೇಡಿ. ಬಿಟ್ಟ ಕೀರ್ತನೆಗಳನ್ನೆಲ್ಲ ಒಂದೇ ದಿನ ಓದುವುದು, ಗಂಟೆಗಟ್ಟಲೆ ಕೂತು ದಂಡ ಕಟ್ಟುವುದು ಯಾವುದೂ ಬೇಡ. ಎಲ್ಲಿ ನಿಂತಿತ್ತೋ ಅದರ ಮುಂದಿನ ಕೀರ್ತನೆ ತೆಗೆಯಿರಿ. ಅದೇ ಕುರ್ಚಿ, ಹತ್ತೇ ನಿಮಿಷ. ಇಷ್ಟು ದಿನ ಯಾಕೆ ಬರಲಿಲ್ಲ ಎಂದು ದೇವರಿಗೆ ವಿವರಿಸಬೇಕು ಎನಿಸಿದರೆ ಅದನ್ನೂ ಓದಿದ ಮೇಲೆ ಹೇಳಿ.